ಕುದಾಪುರದ ಹಾದಿ: ದನಗಳ ಜಾಡಿನಿಂದ ವಿಜ್ಞಾನದ ಬಾಗಿಲಿಗೆ

ಒಂದು ಊರಿನ ಏಳುಬೀಳುಗಳನ್ನು ಅದರ ಹಾದಿಯೇ ಹೇಳುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ನೂರು ವರ್ಷಗಳ ಹಿಂದೆ ಇಲ್ಲಿ ಹಾದಿಯೆಂದರೆ ದನಕುರಿಗಳು ತುಳಿದು ಮೂಡಿಸಿದ ಜಾಡು. ಇಂದು ಡಾಂಬರು ರಸ್ತೆಯು ನಮ್ಮನ್ನು ದೇಶದ ಹಿರಿಯ ವಿದ್ಯಾಸಂಸ್ಥೆಯೊಂದರ ಬಾಗಿಲಿಗೆ ಒಯ್ಯುತ್ತದೆ.

ಸುತ್ತಲಿನ ಹುಲ್ಲುಗಾವಲು ಅಮೃತಮಹಲ್ ಕಾವಲಿಗೆ ಸೇರಿದ್ದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಸೈನ್ಯದ ಭಾರ ಎಳೆಯುವ ಎತ್ತುಗಳ ತಳಿಯನ್ನು ಸಲಹಿದ್ದು ಇಂತಹ ಕಾವಲುಗಳೇ. ಊರವರ ಕುರಿಗಳೂ ಮ್ಯಾಸನಾಯಕರ ದೇವರ ಎತ್ತುಗಳೂ ಇಲ್ಲಿ ಮೇದವು. ಆ ಕುರಿಗಳ ಉಣ್ಣೆಯಿಂದ ನೇಯ್ದ ಕರಿಕಂಬಳಿ ಚಳ್ಳಕೆರೆಯ ಪೇಟೆಗೆ ಹೆಸರು ತಂದಿತು. ಮುಂದೆ ಶೇಂಗಾ ಬೆಳೆ ಹೆಚ್ಚಿ, ಗಿರಣಿಗಳು ಎದ್ದು, ಆ ಪೇಟೆ ‘ಎಣ್ಣೆ ನಗರ’ವೆನಿಸಿತು.

2009ರ ಆಸುಪಾಸಿನಲ್ಲಿ ಕಾವಲಿನ ಭಾಗ್ಯ ತಿರುಗಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ ದೊರೆತವು. ಉಳ್ಳಾರ್ತಿ ಕಾವಲಿಗೆ ಬಾಬಾ ಅಣು ಸಂಶೋಧನಾ ಕೇಂದ್ರ ಬಂದಿತು. ಬೇಲಿ, ಗೋಡೆಗಳು ಎದ್ದವು. ಹಳೆಯ ಜಾಡುಗಳು ಅಲ್ಲಿಗೇ ನಿಂತವು. ಮೇವಿನ ನೆಲ ಕಳೆದುಕೊಂಡವರ ಅಳಲು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು. 2017ರ ಮೇ 28ರಂದು ವರವು ಕಾವಲಿನಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ಕುದಾಪುರದ ಆವರಣದಲ್ಲಿ ನಾಡಿನ ಶಾಲಾ ಶಿಕ್ಷಕರು ವಿಜ್ಞಾನದ ತರಬೇತಿ ಪಡೆಯತೊಡಗಿದರು. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಕಾವಲಿನ ಹುಲ್ಲನ್ನು ನಂಬಿದ್ದವರಿಗೆ ಈ ಹೊಸ ರಸ್ತೆ ಏನನ್ನು ತಂದಿತು? ಈ ಪ್ರಶ್ನೆಗೆ ಅಳತೆಗೋಲು ಸಮೀಪದ ನಾಯಕನಹಟ್ಟಿಯಲ್ಲೇ ಇದೆ. ಅಲ್ಲಿನ ತೇರುಬೀದಿಯಲ್ಲಿ ಫಾಲ್ಗುಣ ಮಾಸದಲ್ಲಿ ರಥ ಸಾಗುವಾಗ ಭಕ್ತರು ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳು ಈ ಬರದ ಸೀಮೆಗೆ ಕೆರೆಗಳನ್ನು ಕಟ್ಟಿಸಿ, ದುಡಿದವನಿಗೆ ದುಡಿದಷ್ಟು ಫಲ ಸಲ್ಲಬೇಕೆಂದು ಸಾರಿದವರು. ಕೆರೆಯ ನೀರು ಅಗೆದವನ ಹೊಲಕ್ಕೂ ಹರಿಯಿತು. ವಿದ್ಯೆಯೂ ಹಾಗೆಯೇ ಹರಿಯಬೇಕು. ಕುರಿ ಕಾಯುವವನ ಮಗಳು ಆ ಬಾಗಿಲನ್ನು ಕಲಿಯುವವಳಾಗಿ ದಾಟಿದ ದಿನ ಕುದಾಪುರದ ಹಾದಿ ನಿಜವಾಗಿ ರಾಜಬೀದಿಯಾದೀತು.