ಬರೀ ನೆಗಡಿ

6 ಜುಲೈ 2024, ಶನಿವಾರ, ಧಾರವಾಡ

ಇಂದು ಆಷಾಢ ಶುರು. ನಾಲ್ಕು ದಿನದಿಂದ ಹಿಡಿದಿದ್ದ ಜಿಟಿಜಿಟಿ ಮಳೆ ಬೆಳಗಿನ ಜಾವ ಹೊಳವಾಯಿತು. ಓಣಿಯಲ್ಲಿ ಎಲ್ಲರ ಒದ್ದೆ ಬಟ್ಟೆಗಳು ಮಾಳಿಗೆ ಹತ್ತಿದವು. ನನಗೆ ಮಾತ್ರ ಈ ಹೊಳವೇ ಹೆದರಿಕೆ. ಮಳೆ ಬೀಳುವಷ್ಟು ಹೊತ್ತು ನನ್ನ ಮೂಗು ಸುಮ್ಮನಿರುತ್ತದೆ. ಬಿಸಿಲು ಬಿದ್ದು ಗಾಳಿ ಎದ್ದಿತೆಂದರೆ ಮುಗಿಯಿತು. ಹಾಸಿಗೆ ಬಿಟ್ಟು ಎದ್ದ ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ಸೀನು. ಕಣ್ಣು ಕೆಂಡ. ಅಂಗುಳದ ತುರಿಕೆಗೆ ನಾಲಿಗೆಯ ಹೊರತು ಬೇರೆ ಬೆರಳಿಲ್ಲ, ತಿಕ್ಕಿ ತಿಕ್ಕಿ ಅದೂ ಸೋತಿತು.

ಶನಿವಾರದ ಮುಂಜಾನೆ ಶಾಲೆ. ಒಂಬತ್ತನೇ ತರಗತಿಗೆ ಹಳಗನ್ನಡ ಪದ್ಯ ಓದುತ್ತಿದ್ದೆ. ಮೂರನೇ ಸಾಲಿಗೆ ನಿಂತೆ. ಮೂಗು ಪೂರ್ತಿ ಕಟ್ಟಿದರೆ ನ, ಮ ಎರಡೂ ಹೊರಡುವುದಿಲ್ಲ. ಅನುನಾಸಿಕವಿಲ್ಲದೆ ಹಳಗನ್ನಡ ಓದುವುದು ಹೇಗೆ? ಪುಸ್ತಕ ಮುಚ್ಚಿ ಮಕ್ಕಳಿಗೆ ಕಾಪಿ ಬರೆಯಲು ಹೇಳಿದೆ. ಸ್ಟಾಫ್ ರೂಮಿನಲ್ಲಿ ಸೋಮವಾರ ರಜೆ ಬೇಕೆಂದಾಗ ಸಹೋದ್ಯೋಗಿಯೊಬ್ಬರು, "ಬರೀ ನೆಗಡೀ ಅಲ್ಲೇನ್ರಿ ಟೀಚರ್, ಅದಕ್ಯಾಕ ರಜಾ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹನ್ನೆರಡು ವರ್ಷದಿಂದ ನಾನೂ ಹಾಗೇ ಅನ್ನುತ್ತ ಬಂದಿದ್ದೇನೆ.

ಈಗ ರಾತ್ರಿ ಎರಡು. ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಒರಗಿ ಕೂತಿದ್ದೇನೆ. ಮೂಗಿನ ಹನಿಯ ಬಾಟಲಿ ಕೈಯಲ್ಲಿದೆ. ಮೊದಲು ಎರಡು ಹನಿ ಬಿಟ್ಟರೆ ಎಂಟು ತಾಸು ದಾರಿ ತೆರೆಯುತ್ತಿತ್ತು. ಈಗ ಎರಡು ತಾಸಿಗೇ ಮತ್ತೆ ಗೋಡೆ. ವಾರಕ್ಕೊಂದು ಬಾಟಲಿ ಖಾಲಿ.

14 ಜುಲೈ, ಭಾನುವಾರ

ಆಷಾಢದ ಗಾಳಿಗೆ ಓಣಿಯ ಹುಡುಗರು ಗಾಳಿಪಟ ಏರಿಸಿದ್ದಾರೆ. ಕಿಟಕಿ ಮುಚ್ಚಿ ಗಾಜಿನೊಳಗಿಂದ ನೋಡಿದೆ. ಮಧ್ಯಾಹ್ನವೆಲ್ಲ ಈ ಕಾಯಿಲೆಯ ಬಗ್ಗೆ ಓದಿದೆ. ಇಂಗ್ಲಿಷರು ಇದಕ್ಕಿಟ್ಟ ಹೆಸರು ಹೇ ಫೀವರ್. ಅಂದರೆ ಒಣಹುಲ್ಲಿನ ಜ್ವರ. ಆದರೆ ಇದು ಜ್ವರವೂ ಅಲ್ಲ, ಒಣಹುಲ್ಲು ಕಾರಣವೂ ಅಲ್ಲ.

ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ 1819ರಲ್ಲಿ ಒಬ್ಬ ರೋಗಿಯ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟ. ಎಂಟನೇ ವಯಸ್ಸಿನಿಂದ ಪ್ರತಿ ಬೇಸಿಗೆಯಲ್ಲೂ ಕಣ್ಣುರಿ, ಸೀನು, ಉಸಿರಾಟದ ತೊಂದರೆ. ಆ ರೋಗಿ ಸ್ವತಃ ಬಾಸ್ಟಾಕ್. ರಕ್ತ ತೆಗೆಸಿಕೊಂಡ, ಅಫೀಮು ನುಂಗಿದ, ಪಾದರಸ ತಿಂದ, ತಣ್ಣೀರು ಮಿಂದ. ಏನೂ ಆಗಲಿಲ್ಲ. ಇನ್ನೂರು ವರ್ಷದ ಹಿಂದಿನ ಆ ಮನುಷ್ಯನ ಮೇಲೆ ನನಗೆ ಒಡಹುಟ್ಟಿದವನ ಮೇಲಿನಂಥ ಕರುಣೆ ಬಂತು. ಕಾರಣವನ್ನು ಖಚಿತವಾಗಿ ಹಿಡಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ, ಅವನಿಗೂ ಇದೇ ಬಾಧೆ. ಹುಲ್ಲಿನ ಪರಾಗವನ್ನು ತನ್ನ ಮೂಗಿಗೂ ಕಣ್ಣಿಗೂ ತಾನೇ ಹಾಕಿಕೊಂಡು ನೋಡಿದ. ಪರಾಗ ಎಷ್ಟು ಎತ್ತರದವರೆಗೆ ಹಾರುತ್ತದೆಂದು ತಿಳಿಯಲು ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಮೇಲೇರಿಸಿದ. ಅವನ ಪುಸ್ತಕ ಬಂದದ್ದು 1873ರಲ್ಲಿ.

ಕಿಟಕಿಯಾಚೆ ಒಂದು ಕೆಂಪು ಪಟ ಮಾವಿನ ಮರ ದಾಟಿ ಮೇಲೆ ಹೋಯಿತು. ಹಾಗಾದರೆ ನನ್ನ ಗಾಳಿಯಲ್ಲಿ ಇರುವುದು ಯಾವ ಪರಾಗ? ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

22 ಜುಲೈ, ಸೋಮವಾರ

ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ಕಿವಿ-ಮೂಗು-ಗಂಟಲಿನ ವೈದ್ಯೆ ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ನೆಗಡಿ ಆದ್ರ ಒಳಗ ಕೆಂಪಗಿರ್ತದ. ನಿಮ್ಮದು ಬಿಳಚಿಕೊಂಡು ನೀಲಿಗಟ್ಟಿ ಬಾತದ. ಹನ್ನೆರಡು ವರ್ಷ ನೆಗಡಿಗೆ ಔಷಧ ತಗೊಂಡೀರಿ. ನಿಮಗ ನೆಗಡಿ ಇಲ್ಲ" ಎಂದರು.

ನನ್ನ ಕಣ್ಣಲ್ಲಿ ನೀರು ಬಂತು. ಅದು ಅಲರ್ಜಿಯ ನೀರಲ್ಲ.

ಹನಿಯ ಬಾಟಲಿ ಹೊರಗೆ ತೆಗೆಸಿದರು. ಕ್ಸೈಲೋಮೆಟಜೋಲಿನ್. ಅದು ಮೂಗಿನ ರಕ್ತನಾಳಗಳನ್ನು ಹಿಂಡಿ ದಾರಿ ಬಿಡಿಸುತ್ತದೆ, ನಿಜ. ಆದರೆ ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಿದರೆ ಔಷಧದ ಪ್ರಭಾವ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಜೋರಾಗಿ ಉಬ್ಬುತ್ತವೆ. ಕಟ್ಟಿದ ಮೂಗಿನಲ್ಲಿ ಅರ್ಧ ಪಾಲು ಈ ಹನಿಯದೇ. ಪ್ರತಿ ಶ್ರಾವಣದಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಹಾಕಿಸಿಕೊಳ್ಳುತ್ತಿದ್ದ ಸೂಜಿಯ ಚೀಟಿಯನ್ನೂ ತೋರಿಸಿದೆ. ಸ್ಟಿರಾಯ್ಡ್. ಅದಕ್ಕೇ ಮೂರು ವಾರ ಸ್ವರ್ಗ. ವರ್ಷ ವರ್ಷ ಹೀಗೆ ಮೈಗೆಲ್ಲ ಹೋದರೆ ಮೂಳೆ, ಸಕ್ಕರೆ, ರಕ್ತದೊತ್ತಡ ಎಲ್ಲಕ್ಕೂ ಕುತ್ತು ಎಂದರು. ಚುಚ್ಚಿದವರು ಅದರೊಳಗೆ ಏನಿದೆ ಎಂದು ನನಗೆ ಹೇಳಬೇಕಿತ್ತು. ಈ ಸಿಟ್ಟು ಬರೆದರೂ ಇಳಿಯುತ್ತಿಲ್ಲ.

ಚರ್ಮದ ಪರೀಕ್ಷೆ ಎಂಟು ದಿನ ಬಿಟ್ಟು. ಅಲ್ಲಿಯವರೆಗೆ ಅಲರ್ಜಿಯ ಗುಳಿಗೆ ಸೆಟಿರಿಜಿನ್ ಮುಟ್ಟುವಂತಿಲ್ಲ, ಮುಟ್ಟಿದರೆ ಚರ್ಮ ಸುಳ್ಳು ಹೇಳುತ್ತದೆ.

30 ಜುಲೈ, ಮಂಗಳವಾರ

ಆ ಎಂಟು ದಿನದ ಬಗ್ಗೆ ಬರೆಯುವುದಿಲ್ಲ.

ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಹನಿ ಇಟ್ಟು, ಸಣ್ಣ ಮೊನೆಯಿಂದ ಮೆಲ್ಲಗೆ ಚುಚ್ಚಿದರು. ರಕ್ತವಿಲ್ಲ, ಇರುವೆ ಕಡಿದಷ್ಟು. ಒಂದು ಹನಿ ಬರೀ ಉಪ್ಪುನೀರು, ಅದು ಉಬ್ಬಬಾರದು. ಇನ್ನೊಂದು ಹಿಸ್ಟಮಿನ್, ಅದು ಉಬ್ಬಲೇಬೇಕು. ಉಳಿದವು ದೂಳಿನ ನುಸಿ, ಜಿರಲೆ, ಬೂಸ್ಟು, ಬಗೆಬಗೆಯ ಪರಾಗ. ಹದಿನೈದು ನಿಮಿಷ ತುರಿಸಿಕೊಳ್ಳದೆ ಕೂರಬೇಕು. ಏಳನೆಯ ಗುರುತು ಐದೇ ನಿಮಿಷಕ್ಕೆ ಎದ್ದಿತು. ಮೂರು ಮಿಲಿಮೀಟರ್ ದಾಟಿದರೆ ಲೆಕ್ಕಕ್ಕೆ. ಇದು ಅವರೆಕಾಳಿನಷ್ಟು ಉಬ್ಬಿ ಸುತ್ತ ಕೆಂಪು ಹರಡಿತು.

ಪಾರ್ಥೇನಿಯಂ. ನಮ್ಮ ಕಾಂಗ್ರೆಸ್ ಕಸ.

ಬಸ್ಸಿನ ಕಿಟಕಿಯಿಂದ ನವನಗರದ ತನಕ ನೋಡುತ್ತ ಬಂದೆ. ರಸ್ತೆಯ ಅಂಚು, ಖಾಲಿ ಸೈಟು, ರೈಲು ಹಳಿಯ ಬದಿ, ಎಲ್ಲೆಡೆ ಅಕ್ಕಿ ಚೆಲ್ಲಿದಂಥ ಬಿಳಿ ಹೂ. ಮೂಲ ಅಮೆರಿಕ ಖಂಡದ್ದು. ನಮ್ಮ ದೇಶದಲ್ಲಿ ಇದು ಎದ್ದು ಕಂಡದ್ದು 1955ರಲ್ಲಿ ಪುಣೆಯಲ್ಲಿ, ಆಮದಾದ ಗೋಧಿಯ ಜೊತೆ ಬೀಜ ಬಂತೆನ್ನುತ್ತಾರೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಮಳೆ ಬಿದ್ದು ಮೊಳೆತ ನಾಲ್ಕಾರು ವಾರದಲ್ಲಿ ಹೂ. ಜೂನ್ ಮಳೆಗೆ ಮೊಳೆತದ್ದು ಜುಲೈಗೆ ನನ್ನ ಮೂಗು ತಲುಪುವ ಲೆಕ್ಕ ಸರಿಯಾಗಿ ಕೂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದ್ದಾರೆ. 1991ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಜನರಲ್ಲಿ ಶೇ. 7ರಷ್ಟು ಮಂದಿಗೆ ಇದೇ ಪರಾಗದಿಂದ ಮೂಗಿನ ಅಲರ್ಜಿ. ನೂರಕ್ಕೆ ಏಳು! ನನ್ನ ಶಾಲೆಯಲ್ಲಿ ಇನ್ನೂರು ಮಕ್ಕಳಿದ್ದಾರೆ.

9 ಆಗಸ್ಟ್, ಶುಕ್ರವಾರ, ಪಂಚಮಿ

ವೈದ್ಯೆ ಬರೆದುಕೊಟ್ಟ ಮೂಗಿನ ಸ್ಪ್ರೇ ಶುರು ಮಾಡಿ ಹತ್ತು ದಿನ. ಫ್ಲೂಟಿಕಾಸೋನ್. ಇದೂ ಸ್ಟಿರಾಯ್ಡೇ ಎಂದು ತಿಳಿದು ಮೊದಲ ದಿನ ಹಿಂಜರಿದೆ. ಮೂಗಿನಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರ ಅತ್ಯಲ್ಪ ಎಂದು ವೈದ್ಯೆ ಧೈರ್ಯ ಹೇಳಿದ್ದರು. ಹನಿಯಂತೆ ಇದು ಕೂಡಲೇ ದಾರಿ ಬಿಡಿಸುವುದಿಲ್ಲ. ಹನಿ ಬಿಟ್ಟ ಮೊದಲ ಐದು ರಾತ್ರಿ ನರಕ. ನಾಲ್ಕನೆಯ ರಾತ್ರಿ ಹಳೆಯ ಬಾಟಲಿ ಹುಡುಕಿ ಕಪಾಟು ತೆರೆದೆ. ಯಜಮಾನರು ಅದನ್ನು ಮೊದಲೇ ಎಸೆದಿದ್ದರು. ಅವರಿಗೆ ನಾನು ಋಣಿ.

ಸ್ಪ್ರೇ ಹೊಡೆದುಕೊಳ್ಳುವುದಕ್ಕೂ ರೀತಿ ಇದೆ. ನಾನು ತಲೆ ಹಿಂದಕ್ಕೆ ಚೆಲ್ಲಿ ಜೋರಾಗಿ ಸೆಳೆಯುತ್ತಿದ್ದೆ, ಔಷಧವೆಲ್ಲ ಗಂಟಲಿಗೆ. ತಲೆ ತುಸು ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ, ಮೊನೆ ನಡುಗೋಡೆಯ ಕಡೆಗಲ್ಲ, ಹೊರಗೆ ಕಿವಿಯ ದಿಕ್ಕಿಗೆ. ಆಮೇಲೆ ಮೆಲ್ಲಗೆ ಉಸಿರು. ಅದಕ್ಕೆ ಮೊದಲು ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ ನೇತಿ ಪಾತ್ರೆಯಿಂದ ಮೂಗು ತೊಳೆಯುತ್ತೇನೆ. ಯೋಗದ ಮಾಸ್ತರರು ಹೇಳುತ್ತಿದ್ದ ಜಲನೇತಿಯನ್ನೇ ವೈದ್ಯೆಯೂ ಹೇಳಿದರು. ಕುದಿಸದ ನಲ್ಲಿ ನೀರು ಮಾತ್ರ ಬೇಡವೇ ಬೇಡ. ತೂಕಡಿಸುವ ಗುಳಿಗೆಯ ಬದಲು ಫೆಕ್ಸೊಫೆನಡಿನ್. ಶಾಲೆಯಿಂದ ಬಂದೊಡನೆ ತಲೆಸ್ನಾನ, ಸೀರೆ ಬದಲು. ಬಟ್ಟೆ ಒಣಗುವುದು ಮನೆಯೊಳಗೆ.

ಇಂದು ಬೆಳಿಗ್ಗೆ ಅತ್ತೆ ಪಂಚಮಿ ಉಂಡಿಗೆ ಎಳ್ಳು ಹುರಿಯುತ್ತಿದ್ದರು. ನಾನು ಹಿತ್ತಲಲ್ಲಿದ್ದೆ. ಅಲ್ಲಿಂದಲೇ, "ಅತ್ತಿ, ಎಳ್ಳು ಸೀಯಾಕತ್ತಾವ!" ಎಂದು ಕೂಗಿದೆ. ಅವರು ಬಾಣಲೆ ಇಳಿಸಿ, ಹೊರಗೆ ಬಂದು, ನನ್ನ ಮುಖ ನೋಡಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

19 ಆಗಸ್ಟ್, ಸೋಮವಾರ

ಇಂದು ತಪ್ಪು ಮಾಡಿದೆ. ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಪ್ರತಿ ವರ್ಷ ಆಗಸ್ಟ್ 16ರಿಂದ 22 ಪಾರ್ಥೇನಿಯಂ ಜಾಗೃತಿ ಸಪ್ತಾಹ. ನನಗೆ ಹೊಸ ಹುರುಪು. ಪ್ರಾರ್ಥನೆಯ ಹೊತ್ತಿಗೆ ಕಸದ ಕಥೆಯೆಲ್ಲ ಹೇಳಿ, ಕೊನೆಯ ಪೀರಿಯಡ್ಡಿಗೆ ಒಂಬತ್ತನೆಯವರನ್ನು ಕಸ ಕೀಳಲು ಶಾಲೆಯ ಹಿಂದಿನ ಬಯಲಿಗೆ ಬಿಟ್ಟೆ. ನಾನು ಮಾಸ್ಕು, ಕನ್ನಡಕ ಹಾಕಿ ದೂರ ನಿಂತಿದ್ದೆ. ಮಕ್ಕಳದು ಬರಿಗೈ. ಎಲೆಯ ಮೇಲಿನ ಗೆರೆಗೆರೆಯ ದುಂಬಿಗಳನ್ನು ಹಿಡಿದು ತೋರಿಸಿದರು. ಇದೇ ಕಸವನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ ಅದು ಎಂದು ಉತ್ಸಾಹದಿಂದ ವಿವರಿಸುತ್ತಿದ್ದೆ. ಗಿಡಗಳೆಲ್ಲ ತುಂಬ ಹೂವಿನಲ್ಲಿದ್ದವು. ಎಳೆದಾಗಲೊಮ್ಮೆ ಪರಾಗ ಮುಖಕ್ಕೆ ಏಳುತ್ತಿತ್ತು.

ಹಿಂದಿನ ಬೆಂಚಿನ ಹುಡುಗ ಇಪ್ಪತ್ತು ನಿಮಿಷಕ್ಕೆ ಕೂತುಬಿಟ್ಟ. ಕಣ್ಣು ಬಾತು ಮುಚ್ಚಿದ್ದವು. ಎದೆಯಿಂದ ಸಿಳ್ಳಿನಂಥ ಸದ್ದು. ಮುಖ್ಯೋಪಾಧ್ಯಾಯರ ಕಾರಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಒಯ್ದೆವು. ನೆಬುಲೈಸರ್ ಹಾಕಿದ ಮೇಲೆ ಉಸಿರು ಹದಕ್ಕೆ ಬಂತು.

ಈ ಹುಡುಗನನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಸದಾ ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಾನೆ. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿದೆ. ಕಣ್ಣಿನ ಕೆಳಗೆ ಕಪ್ಪು. ತೂಕಡಿಸುತ್ತಾನೆಂದು ಬೈದಿದ್ದೇನೆ. ಬೇರೆ ಮಕ್ಕಳು ಸಿಂಬಳದ ಹೆಸರು ಹಿಡಿದು ಕರೆದಾಗ ಗದರಿಸಿ ಸುಮ್ಮನಾಗಿದ್ದೇನೆ. ಅವನಿಗೆ ಏನಾಗಿದೆಯೆಂದು ಒಮ್ಮೆಯೂ ಕೇಳಲಿಲ್ಲ. ಬರೀ ನೆಗಡಿ ಎಂದುಕೊಂಡಿದ್ದೆ.

24 ಆಗಸ್ಟ್, ಶನಿವಾರ

ಶಾಲೆ ಬಿಟ್ಟ ಮೇಲೆ ಅವನನ್ನೂ ಅವನ ತಾಯಿಯನ್ನೂ ಹುಬ್ಬಳ್ಳಿಗೆ ಕರೆದೊಯ್ದೆ. ಮೂಗಿನ ಅಲರ್ಜಿಯ ಜೊತೆ ಅಸ್ತಮಾ. ಮೂಗು, ಶ್ವಾಸಕೋಶ ಎರಡಕ್ಕೂ ಒಳಗೋಡೆ ಒಂದೇ ತರಹ, ಮೇಲಿನ ಮಾಳಿಗೆ ಸೋರಿದರೆ ಕೆಳಗಿನ ಕೋಣೆಯೂ ನೆನೆಯುತ್ತದೆ ಎಂದರು ವೈದ್ಯೆ.

ತಾಯಿ ಹೆದರಿದ್ದರು. "ಪಂಪ್ ಹಚ್ಚಿದ್ರ ಜೀವ ಇರೂತನಕ ಬಿಡಾಕ ಬರಾಂಗಿಲ್ಲಂತಲ್ರಿ?" ವೈದ್ಯೆ ಅವಸರ ಮಾಡಲಿಲ್ಲ. ಇನ್‌ಹೇಲರ್ ಚಟ ಹಿಡಿಸುವ ಔಷಧವಲ್ಲ, ಗುಳಿಗೆಗಿಂತ ಎಷ್ಟೋ ಕಡಿಮೆ ಪ್ರಮಾಣ ನೇರ ಎದೆಗೆ ಹೋಗುತ್ತದೆ ಎಂದು ಹತ್ತು ನಿಮಿಷ ಕೂತು ಹೇಳಿದರು. ಬರುವಾಗ ಬಸ್ಸಿನಲ್ಲಿ ತಾಯಿ, "ಈ ಕಸಾ ತಿಂದ್ರ ಎಮ್ಮಿ ಹಾಲೂ ಕಹಿ ಆಕ್ಕಾವ್ರಿ. ಹಾಲು ಕಹಿ ಆಗೂದು ಗೊತ್ತಿತ್ತು, ಮಗನ ಉಸರು ಹಿಡಿಯೂದು ಗೊತ್ತಿರಲಿಲ್ಲ" ಎಂದರು.

ಮಕ್ಕಳು ಕಿತ್ತ ಕಸದ ರಾಶಿಯ ಬಗ್ಗೆಯೂ ಕೇಳಿಕೊಂಡೆ. ಹೂ ಬಂದ ಮೇಲೆ ಕಿತ್ತು ಒಟ್ಟಿದರೆ ಬೀಜ ಅಲ್ಲೇ ಬಲಿತು ಉದುರುತ್ತದೆ. ಕೀಳಬೇಕಾದದ್ದು ಹೂವಿಗೆ ಮೊದಲು, ನೆಲ ಹಸಿ ಇದ್ದಾಗ, ಬೇರುಸಹಿತ. ಕೈಗವಸು, ತುಂಬುತೋಳಿನ ಅಂಗಿ ಬೇಕು. ಅಲರ್ಜಿ ಇದ್ದವರು ಹತ್ತಿರ ಸುಳಿಯಬಾರದು. ಮಕ್ಕಳ ಕೈಯಿಂದಂತೂ ಇನ್ನು ಕೀಳಿಸುವುದಿಲ್ಲ.

8 ಸೆಪ್ಟೆಂಬರ್, ಭಾನುವಾರ

ನಿನ್ನೆ ಗಣಪತಿ ಕೂತ. ಪಟಾಕಿಯ ಹೊಗೆಗೆ ಸೀನು ಬಂದವು, ಆರೇಳು. ರಾತ್ರಿ ಪೂರ್ತಿ ನಿದ್ದೆ. ಸ್ಪ್ರೇ ಬಿಟ್ಟಿಲ್ಲ. ಚೆನ್ನಾಗಿದೆ ಎನಿಸಿದಾಗಲೇ ಬಿಡಬಾರದಂತೆ.

13 ಅಕ್ಟೋಬರ್, ಭಾನುವಾರ

ನಿನ್ನೆ ಬನ್ನಿ ಕೊಟ್ಟು ಬಂದೆವು. ಆರು ವರ್ಷದ ಮೇಲೆ ಊರ ಹೊರಗಿನ ಬನ್ನಿ ಗಿಡದ ತನಕ ನಡೆದೆ, ಮಾಸ್ಕು ಹಾಕಿಕೊಂಡೇ.

ವೈದ್ಯೆ ಇಮ್ಯುನೊಥೆರಪಿಯ ಮಾತೆತ್ತಿದ್ದಾರೆ. ಮೈಗೆ ಒಗ್ಗದ್ದನ್ನೇ ಚೂರು ಚೂರಾಗಿ ಕೊಟ್ಟು ಒಗ್ಗಿಸುವ ದಾರಿ. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ತೆರೆದದ್ದು. ಮೂರರಿಂದ ಐದು ವರ್ಷ ಬಿಡದೆ ನಡೆಸಬೇಕು. ಬರುವ ಮಳೆಗಾಲ ಸ್ಪ್ರೇಯಲ್ಲೇ ಕಳೆಯುತ್ತದೋ ನೋಡಿ ತೀರ್ಮಾನಿಸುತ್ತೇನೆ. ಈ ಸಲ ಜುಲೈಗೆ ಕಾಯುವುದಿಲ್ಲ. ಹೂ ಬಿಡುವ ಎರಡು ವಾರ ಮೊದಲೇ, ಜೂನ್ ನಡುವಿನಿಂದಲೇ ಶುರು.

ಬಯಲಿಗೂ ಯೋಚನೆ ಮಾಡಿದ್ದೇನೆ. ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭತ್ತದ ವಿಜ್ಞಾನಿ ಎಂ. ಮಹಾದೇವಪ್ಪನವರು ಕಾಂಗ್ರೆಸ್ ಕಸದ ಬೆನ್ನು ಹತ್ತಿದ್ದವರು. ತಗಚೆಯ ಕುಲದ ಒಂದು ಗಿಡವನ್ನು ಬಿತ್ತಿ ಕಸವನ್ನು ಅಡಗಿಸಬಹುದೆಂದು ಅವರು ತೋರಿಸಿದ್ದರು. ಬೀಜಕ್ಕಾಗಿ ವಿಶ್ವವಿದ್ಯಾಲಯಕ್ಕೆ ಹೋಗಿ ಕೇಳಬೇಕು. ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ: ಮೊದಲ ಮಳೆ ಬಿದ್ದು ಮೂರು ವಾರದೊಳಗೆ ಬಯಲು ಹಸನಾಗಬೇಕು, ದೊಡ್ಡವರಿಂದ, ಕೈಗವಸು ಕೊಟ್ಟು.

22 ಅಕ್ಟೋಬರ್, ಮಂಗಳವಾರ

ದಸರಾ ರಜೆ ಮುಗಿದು ಶಾಲೆ ತೆರೆಯಿತು. ಹುಡುಗನನ್ನು ಮುಂದಿನ ಬೆಂಚಿಗೆ ಕೂರಿಸಿದೆ. ಜುಲೈಯಲ್ಲಿ ಮೂರನೇ ಸಾಲಿಗೆ ನಿಂತಿದ್ದ ಪದ್ಯವನ್ನು ನಾನು ಪೂರ್ತಿ ಓದಿದೆ. ಆಮೇಲೆ ಅವನಿಗೆ ಓದಲು ಹೇಳಿದೆ. ಹದಿನಾಲ್ಕು ಸಾಲು. ನಡುವೆ ಎರಡು ಸಲ ಉಸಿರು ತೆಗೆದುಕೊಂಡ, ಮೂಗಿನಿಂದ.

ಅವನ ತಾಯಿಗೆ ಫೋನ್ ಮಾಡಿ ಹೇಳಿದೆ. ಸ್ಪ್ರೇ ಇನ್ನೊಂದು ವಾರಕ್ಕೆ ಆಗುವಷ್ಟಿದೆ ಎಂದರು. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ತರಬೇಕು, ಅವನಿಗೊಂದು, ನನಗೊಂದು.