ಬಾವಿಯಲ್ಲಿ ಕಲಿತ ಈಜು

ನಮ್ಮೂರಿನಲ್ಲಿ ನನಗಿಂತ ಕಿರಿಯರಾದ ಯಾರಿಗೂ ಈಜು ಬರುವುದಿಲ್ಲ. ಇದು ಜಂಬವಲ್ಲ, ಅಂತರ್ಜಲದ ಲೆಕ್ಕ. ನಾನು ಹುಡುಗನಾಗಿದ್ದಾಗ ಹೇಮಾವತಿಯ ತೋಟಗಳಲ್ಲಿ ಮೆಟ್ಟಿಲಿಳಿದು ಹೋಗುವ ಬಾವಿಗಳಿದ್ದವು. ಆಮೇಲೆ ಬೋರ್‌ವೆಲ್ ಬಂತು. ಆರೂವರೆ ಇಂಚಿನ ಕೊಳವೆಯೊಳಗೆ ಮಕ್ಕಳಿಗೆ ಈಜು ಕಲಿಸಲು ಯಾರಿಂದಾದೀತು?

ನನ್ನ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ದೊಡ್ಡಪ್ಪ ಬಾವಿಗೆ ತಳ್ಳಿದರು. ಕೆಲವು ದಿನ ಬಿಟ್ಟು ಬುರುಡೆ ಬಿಚ್ಚಿ ತಳ್ಳಿದರು. ತರಬೇತಿ ಮುಗಿಯಿತು. ಆ ಬಂಡವಾಳವನ್ನೇ ನಂಬಿಕೊಂಡು, ಬೆಂಗಳೂರಿನಲ್ಲಿ ಹೊಟ್ಟೆ ಬಂದ ಮೇಲೆ, ಗೋವಾದ ಐರನ್‌ಮ್ಯಾನ್ 70.3ಕ್ಕೆ ಹೆಸರು ಕೊಟ್ಟೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ, ಕೂಡಿದರೆ 70.3 ಮೈಲಿ. ಗಡುವು ಎಂಟೂವರೆ ಗಂಟೆ. ಕೋಚ್ ಊರು ಕೇಳಿದರು. ಹೇಮಾವತಿ ಎಂದೆ. "ಓ, ಗೊರೂರು ಡ್ಯಾಮ್ ಕಡೆಯವರು, ನೀರಿನ ಭಯ ಇರಲ್ಲ ಬಿಡಿ" ಎಂದರು. ಅದು ಹಾಸನದ ಹೊಳೆ ಸಾರ್, ನಮ್ಮದು ಮಡಕಶಿರಾ ಸೀಮೆ, ಹೆಂಜೇರು ಎಂದು ನೊಳಂಬರ ರಾಜಧಾನಿಯಾಗಿದ್ದ ಊರು, ಅನಂತಪುರದಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ, ಹೆಸರಾದದ್ದು ಕೆತ್ತಿದ ಕಲ್ಲಿಗೆ, ನೀರಿಗಲ್ಲ ಎನ್ನುವಷ್ಟರಲ್ಲಿ ಅವರು ಇನ್ನೊಬ್ಬರ ಊರು ಕೇಳುತ್ತಿದ್ದರು.

ಬಾವಿಯಲ್ಲಿ ಕಲಿತವನಿಗೆ ನೇರಕ್ಕೆ ಈಜಿ ಗೊತ್ತಿರುವುದಿಲ್ಲ. ನಾಲ್ಕು ಸಲ ಕೈ ಬೀಸಿದರೆ ಗೋಡೆ, ತಿರುಗಲೇಬೇಕು. ಮಿರಾಮಾರ್ ಕಡಲಿನಲ್ಲಿ ಗೋಡೆ ಸಿಗದೆ ಕೈಗಳು ತಮ್ಮಷ್ಟಕ್ಕೆ ತಾವೇ ಎಡಕ್ಕೆ ಬಳಸತೊಡಗಿದವು. ದೋಣಿಯಲ್ಲಿದ್ದ ಹುಡುಗ ಸೀಟಿ ಊದಿ ಊದಿ ದಾರಿಗೆ ತಂದ. ಆದರೆ ನೀರಲ್ಲಿ ತೇಲಿಬಿಟ್ಟ ಗುರುತಿನ ಬಲೂನು ಬಂತಲ್ಲ, ಅಲ್ಲಿ ಎಲ್ಲರೂ ತಿರುಗಲು ಒಬ್ಬರನ್ನೊಬ್ಬರು ಒದೆಯುತ್ತಿದ್ದಾಗ ನಾನು ಸಲೀಸಾಗಿ ತಿರುಗಿದೆ. ಬಾಲ್ಯವೆಲ್ಲ ಅದನ್ನೇ ತಾನೆ ಮಾಡಿದ್ದು!

ಸೈಕಲ್ಲಿನ ಬಗ್ಗೆ ನಾನು ಹೇಳುವಂಥದ್ದೇನಿಲ್ಲ. ಕುಂಡಿಗೆ ಬಾಯಿದ್ದರೆ ಅದು ಹೇಳುತ್ತಿತ್ತು.

ಓಟದ ಬಿಸಿಲಿಗೆ ನಾನು ಹೆದರಿರಲಿಲ್ಲ. ಬಿಸಿಲು ತಿಂದೇ ಬೆಳೆದವನು. ಆದರೆ ನಮ್ಮ ಕಡೆ ಬೆವರು ಹುಟ್ಟಿದಲ್ಲೇ ಆರಿ ಮೈ ತಂಪಾಗುತ್ತದೆ. ಕಡಲ ದಂಡೆಯಲ್ಲಿ ಗಾಳಿಯೇ ಒದ್ದೆ. ಬೆವರು ಆರುವ ಮಾತಿಲ್ಲ, ಬೂಟಿನೊಳಗೆ ಪಚಪಚ. ಸ್ವಯಂಸೇವಕಿಯೊಬ್ಬಳು ಮಗ್ಗಿನ ತುಂಬ ತಣ್ಣೀರು ತಲೆಗೆ ಸುರಿದಳು. ಅದು ರಸ್ತೆಗೆ ಹರಿದು ಹೋಗುವುದನ್ನು ನೋಡುತ್ತ ನಿಂತುಬಿಟ್ಟೆ. ಟ್ಯಾಂಕರಿಗಾಗಿ ಬಿಂದಿಗೆ ಸಾಲಿಟ್ಟವನ ಕಾಲು ಅಂಥ ಕಡೆ ಮುಂದೆ ಹೋಗುವುದಿಲ್ಲ. ಆಕೆ ಗಾಬರಿಯಾಗಿ ಇನ್ನೊಂದು ಮಗ್ ಸುರಿದಳು.

2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಇದನ್ನೇ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿ ಪೇಪರಿನಲ್ಲಿ ಬಂದರು. ನಾನೂ ಅದರ ಆಸುಪಾಸೇ, ಪೇಪರಿನಲ್ಲಿ ಬರಲಿಲ್ಲ.

ಪದಕ ತೆಗೆದುಕೊಂಡು ಊರಿಗೆ ಹೋದೆ. "ಎಷ್ಟನೇದು ಬಂದ್ಯಪ್ಪಾ?" ಎಂದರು ದೊಡ್ಡಪ್ಪ.

"ಮುಗಿಸ್ದೋರಿಗೆಲ್ಲ ಕೊಡ್ತಾರೆ ದೊಡ್ಡಪ್ಪ."

ಪದಕ ಪಕ್ಕಕ್ಕೆ ಹೋಯಿತು. "ಒದ್ದೆ ಬಟ್ಟೇಲೇ ಸೈಕಲ್ ಹತ್ತಿದ್ಯಾ? ನೆಗಡಿ ಹಿಡೀಲಿಲ್ವಾ?"

ಮರ್ಯಾದೆ ಉಳಿಸಿಕೊಳ್ಳಲು 1978ರ ಕತೆ ತೆಗೆದೆ. ಹವಾಯಿಯ ಒವಾಹು ದ್ವೀಪದಲ್ಲಿ ನಡೆದ ಮೊಟ್ಟಮೊದಲ ಐರನ್‌ಮ್ಯಾನ್. ನನ್ನದರ ಎರಡರಷ್ಟು ದೂರ. ಹೊರಟವರು 15, ಮುಟ್ಟಿದವರು 12. ಓಟದಲ್ಲಿ ಮುಂದಿದ್ದ ಜಾನ್ ಡನ್‌ಬಾರ್ ಎಂಬಾತನ ಕಡೆಯವರ ಹತ್ತಿರ ನೀರು ಮುಗಿದು, ಬಿಯರ್ ಕುಡಿಸಿದರು. ಗೆದ್ದವನು ಗಾರ್ಡನ್ ಹ್ಯಾಲರ್.

"ನೀರಿಲ್ಲ ಅಂದ್ರೆ ಎಲ್ಲಾ ಕಡೇನೂ ಅಷ್ಟೇ ಕಣಪ್ಪಾ" ಎಂದರು. ಡನ್‌ಬಾರ್ ಅವರಿಗೆ ಹಿಡಿಸಿದ.

ಕೊನೆಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಇಗೋ ಇಲ್ಲಿ ನಾನು ಎಂದು ಬೆರಳಿಟ್ಟರೂ ಅವರ ಕಣ್ಣು ನನ್ನ ಮೇಲಿರಲಿಲ್ಲ.

"ಅಬ್ಬಬ್ಬಾ, ಎಷ್ಟು ನೀರ್ಲಾ! ಏನ್ ಬೆಳೀತಾರೆ ಇದ್ರಲ್ಲಿ?"

"ಉಪ್ಪು ನೀರು ದೊಡ್ಡಪ್ಪ."

"ಥೂ, ಅಂಗಾದ್ರೆ ಅಷ್ಟೂ ದಂಡ" ಎಂದು ಫೋನು ವಾಪಸ್ ಕೊಟ್ಟರು.