ಮೀನಖಂಡ ಹಿಡಿದ ರಾತ್ರಿ

ಕೃಷ್ಣರಾಜನಗರ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ಬಂದಾಗ ಇಲ್ಲಿ ನಾಟಿಯ ಭರಾಟೆ. ಚಾಮರಾಜ ನಾಲೆಯಲ್ಲಿ ನೀರು, ಗದ್ದೆ ತುಂಬ ಕೆಸರು. ದಿನವಿಡೀ ಪೈರು ನೆಟ್ಟು ಬಂದ ನಿಮ್ಮ ಅತ್ತೆ ನಡುರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿಕೊಂಡರಂತೆ. ಮಲಗಿದ್ದ ಕಾಲು ಯಾರೂ ಹೇಳದೆ ಯಾಕೆ ಸೆಟೆದುಕೊಂಡಿತು ಎಂದು ಕೇಳಿದ್ದೀರಿ.

ನಿನ್ನೆ ಬದುವಿನ ಮೇಲೆ ಕೂತು ನಾಟಿ ಹಾಕುವವರ ಕೈಯನ್ನೇ ನೋಡಿದೆ. ಎಡಗೈಲಿ ಪೈರಿನ ಕಟ್ಟು, ಬಲಗೈ ಬೆರಳುಗಳಲ್ಲಿ ಮೂರ್ನಾಲ್ಕು ಸಸಿ, ಕೆಸರಿಗೊಂದು ಒತ್ತು. ಬೆರಳು ಆಡುತ್ತಿದ್ದರೆ ಉಬ್ಬಿ ಇಳಿಯುತ್ತಿದ್ದುದು ಮೊಣಕೈ ಕೆಳಗಿನ ಭಾಗ. ನೀವೂ ಅಲ್ಲಿ ಕೈಯಿಟ್ಟು ಬೆರಳು ಮಡಚಿ ನೋಡಿ. ಬೆರಳನ್ನು ಬಲವಾಗಿ ಮಡಚುವ ಸ್ನಾಯುಗಳ ಮನೆ ಅದು, ಬೆರಳಿಗೆ ಬರುವುದು ಅವುಗಳ ದಾರದಂಥ ತುದಿ ಮಾತ್ರ. ಸ್ನಾಯುವಿಗೆ ಎಳೆಯಲು ಬರುತ್ತದೆಯೇ ಹೊರತು ತಳ್ಳಲು ಬರುವುದಿಲ್ಲ, ಥೇಟ್ ಎತ್ತಿನ ಹಗ್ಗದ ಹಾಗೆ. ಅದಕ್ಕೇ ಮಡಚಲು ಒಂದು, ಬಿಡಿಸಲು ಇನ್ನೊಂದು. ಇಂಥವು ಮೈಯಲ್ಲಿ 600ಕ್ಕೂ ಹೆಚ್ಚಿವೆ.

ಇವೆಲ್ಲ ನರದ ಅಪ್ಪಣೆಗೆ ಕಾಯುವ ಐಚ್ಛಿಕ ಸ್ನಾಯುಗಳು. ಕಣ್ಣುಗುಡ್ಡೆ ತಿರುಗಿಸುವಲ್ಲಿ ಒಂದು ನರತಂತು ಕೆಲವೇ ಎಳೆಗಳನ್ನು ಆಳಿದರೆ, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು ಎಳೆಗಳನ್ನು ಆಳುತ್ತದೆ. ನಾಜೂಕು ಅಲ್ಲಿ, ಬಲ ಇಲ್ಲಿ. ದಣಿದ ಕಾಲಿನಲ್ಲಿ ಆ ನರ ಒಮ್ಮೊಮ್ಮೆ ಬಿಡದೆ ಅಪ್ಪಣೆ ಕೊಡುತ್ತಲೇ ಹೋಗುತ್ತದೆ. ಎಳೆಗಳೆಲ್ಲ ಒಟ್ಟಿಗೆ ಬಿಗಿದು ಗಂಟಾಗುತ್ತವೆ. ನಿಮ್ಮ ಅತ್ತೆಗೆ ಆಗಿದ್ದು ಬಹುಶಃ ಅದೇ.

ಬೆನ್ನಿನದು ಬೇರೆ ಕಷ್ಟ. ಬಗ್ಗಿದವರು ಮುಂದಕ್ಕೆ ಮುಗ್ಗರಿಸದಂತೆ ಅದು ಗಂಟೆಗಟ್ಟಲೆ ಬಿಗಿಹಿಡಿದಿರುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅಮುಕುವುದರಿಂದ ರಕ್ತ ಸರಾಗ ಹರಿಯುವುದಿಲ್ಲ. ಆಗಾಗ ಎದ್ದು ಸೊಂಟ ನೆಟ್ಟಗೆ ಮಾಡುವ ಹೆಂಗಸರನ್ನು ಮೈಗಳ್ಳರೆಂದು ಗದರುವ ಯಜಮಾನರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಬುತ್ತಿ ಬಿಚ್ಚಿದಾಗ ಇನ್ನೊಂದು ಬಗೆಯ ಸ್ನಾಯು ನೆನಪಾಯಿತು. ಮುದ್ದೆಯ ತುತ್ತನ್ನು ಸಾರಿಗದ್ದಿ ನಾಲಿಗೆ ಹಿಂದಕ್ಕೆ ತಳ್ಳುವವರೆಗೆ ನಮ್ಮ ಕೈಲಿದೆ, ಆಮೇಲೆ ಇಲ್ಲ. ಅನ್ನನಾಳದ ಕೆಳಭಾಗ, ಜಠರ, ಕರುಳುಗಳ ಅನೈಚ್ಛಿಕ ಸ್ನಾಯುಗಳು ಅಲೆಯಂತೆ ಹಿಂಡುತ್ತ ಅದನ್ನು ಸಾಗಿಸುತ್ತವೆ. ತಣ್ಣನೆ ಗಾಳಿಗೆ ರೋಮ ನಿಮಿರಿಸುವುದೂ ಇದೇ ಜಾತಿ.

ಹೃದಯ ಈ ಎರಡಕ್ಕೂ ಸೇರದು. ನೋಡಲು ಕೈಕಾಲಿನ ಸ್ನಾಯುವಿನಂತೆ ಪಟ್ಟೆಪಟ್ಟೆ, ಆದರೆ ನಮ್ಮ ಮಾತು ಕೇಳುವುದಿಲ್ಲ. ಮಿಡಿತ ತನ್ನೊಳಗೇ ಹುಟ್ಟುತ್ತದೆ, ನರಗಳು ವೇಗ ಏರಿಸಿ ಇಳಿಸುತ್ತವೆ ಅಷ್ಟೆ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿದೂ, ಒಂದೊಂದು ಬಡಿತದ ನಡುವಿನ ಕ್ಷಣದಲ್ಲೇ ವಿಶ್ರಾಂತಿ ಪಡೆಯುತ್ತದೆ.

ಮತ್ತೆ ಹಿಡಿದುಕೊಂಡರೆ ಅತ್ತೆಯ ಕಾಲು ನೀಡಿಸಿ, ಪಾದದ ಬೆರಳುಗಳನ್ನು ಅವರ ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ, ಗಂಟು ಸಡಿಲುತ್ತದೆ. ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನಾಟಿ ಇನ್ನೆಷ್ಟು ದಿನವಿದೆ, ಅವರು ಹೇಗಿದ್ದಾರೆ, ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮವಳೇ ಆದ
ಗೆಳತಿ